ಮೋಡದಕ್ಕನೂ ಆ ಒಂದು ಜಿಂಕೆಯೂ

ಸಮುದ್ರವನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತುವವರು ಈ ಲೋಕದಲ್ಲಿ ಕಡಿಮೆ. ಮೋಡದಕ್ಕ ಹತ್ತುತ್ತಾಳೆ. ಒಂದು ಸಮುದ್ರ, ಬಗೆಬಗೆಯ ಬೆಂಕಿ, ಬೇಕೆಂದಾಗ ಉರುಳಿ ಬೇಡವೆಂದಾಗ ಎದ್ದು ನಿಲ್ಲುವ ಕೋಟೆ, ಚಂದ್ರನ ಸಕಲ ಅವತಾರಗಳು, ಇಷ್ಟನ್ನೂ ಒಂದು ಲ್ಯಾಪ್‌ಟಾಪಿನೊಳಗೆ ತುಂಬಿ, ಅದನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿಯ ಪಕ್ಕ ಕೂರುತ್ತಾಳೆ. ಕಂಡಕ್ಟರು "ಬ್ಯಾಗ್ ಮೇಲಿಡಿ ಅಕ್ಕಾ" ಅಂದರೆ, "ಬೇಡಪ್ಪ, ಒಳಗೆ ಭೂಕಂಪ ಇದೆ" ಅನ್ನುತ್ತಾಳೆ. ಆ ಕಂಡಕ್ಟರು ಆಮೇಲೆ ಇಳಿಯುವ ನಿಲ್ದಾಣ ಬರುವವರೆಗೂ ಆ ಸೀಟಿನ ಹತ್ತಿರ ಸುಳಿಯುವುದಿಲ್ಲ.

ಅವಳ ಕಸುಬಿಗೆ ಪ್ರೊಜೆಕ್ಷನ್ ಡಿಸೈನ್ ಎಂದು ಹೆಸರು. ರಂಗದ ಮೇಲಿನ ಗೋಡೆ, ಬಟ್ಟೆ, ಮೆಟ್ಟಿಲು, ಒಮ್ಮೊಮ್ಮೆ ಪಾಪದ ನಟರ ಬೆನ್ನು, ಹೀಗೆ ಸಿಕ್ಕಿದ್ದರ ಮೇಲೆಲ್ಲ ಚಲಿಸುವ ಚಿತ್ರಗಳನ್ನು ಬೆಳಕಾಗಿ ಚೆಲ್ಲುವ ಕೆಲಸ. ಇದನ್ನು ನೆಂಟರಿಗೆ ವಿವರಿಸುವುದು ಅವಳಮ್ಮನಿಗೆ ಬಂದೊದಗಿದ ಜೀವಮಾನದ ಪರೀಕ್ಷೆ.

"ಮಗಳು ಏನ್ಮಾಡ್ತಾಳೆ?"

"ಬೆಳಕು ಬಿಡ್ತಾಳೆ."

"ಓಹೋ, ಎಲೆಕ್ಟ್ರಿಷಿಯನ್ನಾ?"

"ಹೂಂ ಕಣ್ರೀ. ಆದ್ರೆ ಮನೆ ಬಲ್ಬ್ ಕೆಟ್ಟರೆ ಮಾತ್ರ ಬೇರೆಯವರನ್ನ ಕರೀಬೇಕು."

ಮೋಡದಕ್ಕ ಎಂಬ ಬಿರುದು ಬಂದದ್ದು ಮೊದಲ ನಾಟಕದಲ್ಲಿ. ಅದರ ಕೊನೆಗೆ ಲೋಕ ಮುಳುಗಬೇಕಿತ್ತು, ಮುಳುಗುವ ಮುಂಚೆ ಕಾರ್ಮೋಡ ಕವಿಯಬೇಕಿತ್ತು. ಕಾಲೇಜು ಮುಗಿಸಿ ಇನ್ನೂ ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದ ಹುಡುಗಿ ಕ್ಯಾಮೆರಾ ಹಿಡಿದು ತಾರಸಿ ಹತ್ತಿ, ಅಂಗಾತ ಮಲಗಿ, ಇಡೀ ಆಕಾಶವನ್ನು ಸೆರೆಹಿಡಿದು ತಂದಳು. ಪಕ್ಕದ ಮನೆಯವರು ತಂತಿಯ ಮೇಲೆ ಒಣಗಿಹಾಕಿದ್ದ ಬನಿಯನ್ನೊಂದು ಅದೇ ಆಕಾಶದೊಳಗೆ ಸೇರಿಕೊಂಡಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಮೊದಲ ಪ್ರದರ್ಶನದ ಸಂಜೆ ಮನುಕುಲ ಮುಳುಗುತ್ತಿರುವಾಗ, ಗುಡುಗು ಸಿಡಿಲುಗಳ ನಡುವೆ, ತೋಳಿಲ್ಲದ ಬಿಳಿ ಬನಿಯನ್ನೊಂದು ಬಾನಗಲ ಹರಡಿಕೊಂಡು ಪಟಪಟನೆ ಹಾರಾಡಿತು. ಮರುದಿನ ಪತ್ರಿಕೆಯ ವಿಮರ್ಶಕರು ಅದನ್ನು ಶಾಂತಿಯ ಹಕ್ಕಿ ಎಂದು ಗುರುತಿಸಿ ಕಣ್ಣೀರು ಹಾಕಿದರು. ಬನಿಯನ್ನಿನ ಒಡೆಯರು ಮಾತ್ರ ನೇರವಾಗಿ ಮನೆಗೇ ಬಂದು, "ನಮ್ಮ ಬನಿಯನ್ನಿಗೆ ಒಳ್ಳೆ ಪಾತ್ರ ಕೊಟ್ರಿ. ನಂಗೆ ಇಷ್ಟು ವರ್ಷ ಯಾರೂ ಕೊಡ್ಲಿಲ್ಲ" ಅಂದು ಹೋದರು.

ಆಮೇಲೆ ಸಿನಿಮಾದವರು ಕರೆದರು. ಅಲ್ಲಿ ಸ್ಟುಡಿಯೋದೊಳಗೆ ಅಲುಗದೆ ನಿಂತ ಕಾರಿನಲ್ಲಿ ನಾಯಕ ನಾಯಕಿ ಕೂತಿರುತ್ತಾರೆ, ಕಾರಿನ ಹಿಂದಿನ ದೊಡ್ಡ ತೆರೆಯ ಮೇಲೆ ಇವಳು ರಸ್ತೆಯನ್ನು ಓಡಿಸಬೇಕು. ಒಂದು ಸಲ ಇಡೀ ಹಾಡಿಗೆ ರಸ್ತೆಯನ್ನು ತಿರುವುಮುರುವಾಗಿ ಓಡಿಸಿಬಿಟ್ಟಳು. ಸ್ಟುಡಿಯೋದಲ್ಲಿ ಎಲ್ಲರ ಗಮನ ನಾಯಕಿಯ ಕೂದಲಿನ ಮೇಲಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಸಂಕಲನಕಾರ ಫೋನು ಮಾಡಿ, "ಅಕ್ಕಾ, ನಿಮ್ಮ ಹೀರೋ ಹಾಡು ಪೂರ್ತಿ ರಿವರ್ಸ್ ಗೇರಲ್ಲಿ ಹಾಡಿದಾನೆ. ಎರಡನೇ ಚರಣಕ್ಕೆ ವಾಪಸ್ ಅವನ ಅಮ್ಮನ ಮನೆ ಹತ್ರ ಬಂದ್ಬಿಟ್ಟಿದಾನೆ" ಅಂದ. ಅಂದಿನಿಂದ ಯಾವ ರಸ್ತೆಯನ್ನೂ ಮೋಡದಕ್ಕ ಎರಡು ಸಲ ನೋಡದೆ ಬಿಡುವುದಿಲ್ಲ.

ಹೀಗೆ ಬೀಳುತ್ತ ಏಳುತ್ತ ಅವಳ ಹೆಸರು ಹಬ್ಬಿತು. ಅವಳು ಬೆಂಕಿ ಹಚ್ಚಿದರೆ ಮುಂದಿನ ಸಾಲಿನವರು ಕುರ್ಚಿ ಹಿಂದೆ ಎಳೆದುಕೊಳ್ಳುವ ಕಾಲ ಬಂತು. ಆದರೆ ಈ ಜಗದ್ವಿಜಯದಲ್ಲಿ ಗೆಲ್ಲದೆ ಉಳಿದ ಒಂದೇ ಒಂದು ಕೋಟೆಯಿತ್ತು. ಅದು ಅವಳ ಸ್ವಂತ ಮನೆಯಲ್ಲೇ, ಆರಾಮಕುರ್ಚಿಯ ಮೇಲೆ ಕಾಲು ಚಾಚಿ ಕೂತಿತ್ತು. ಅವಳಪ್ಪ.

ಅಪ್ಪನಿಗೆ ಹಳೆಯ ರಂಗದವರು ಇಟ್ಟ ಹೆಸರು ಪರದೆ ಮೇಷ್ಟ್ರು. ಒಂದು ನಾಟಕ ಕಂಪನಿಗೆ ಹಿನ್ನೆಲೆಯ ಪರದೆಗಳನ್ನು ಬರೆದವರು ಅವರು. ಅರಮನೆ, ಬೀದಿ, ಸೆರೆಮನೆ, ಕಾಡು, ಯಾವುದನ್ನು ಕೇಳಿದರೂ ಮೊದಲು ಅಂಗೈಯಗಲದ ಕಾಗದದಲ್ಲಿ ಚಿತ್ರ ಬರೆದು, ಅದಕ್ಕೆ ಚೌಕಳಿ ಎಳೆದು, ಆಮೇಲೆ ನೆಲದ ಮೇಲೆ ಹಾಸಿದ ಬಟ್ಟೆಗೆ ಬಣ್ಣದ ಪುಡಿ ಹಚ್ಚಿದ ದಾರವನ್ನು ಚಟ್ಟೆಂದು ಹೊಡೆದು ಅಷ್ಟೇ ಚೌಕಗಳನ್ನು ಮಾಡಿ, ಚೌಕಕ್ಕೆ ಚೌಕ ತುಂಬುತ್ತ ಹೋಗುವುದು ಅವರ ಪದ್ಧತಿ. ಕಂಪನಿ ಮುಚ್ಚಿತು. ಬರೆದ ಪರದೆಗಳ ಕಾಲವೂ ಮುಗಿಯಿತು. ಅಪ್ಪ ಅಂಗಡಿ ಬೋರ್ಡುಗಳನ್ನು ಬರೆದು ಸಂಸಾರ ತೂಗಿಸಿದರು. ಅಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಪರದೆಗೆ ಬಣ್ಣವೇ ಬೇಡ, ಬರೀ ಬೆಳಕು ಸಾಕು ಎಂದು ಹೊರಟಾಗ ಅವರಿಗೆ ಹೇಗಾಗಿರಬೇಡ!

"ನನ್ನ ಕಾಡು ಬೆಳೆಯೋಕೆ ತಿಂಗಳುಗಟ್ಲೆ ಬೇಕಿತ್ತು," ಅನ್ನುತ್ತಿದ್ದರು ಅಪ್ಪ. "ಇವಳದ್ದು ಸ್ವಿಚ್ ಒತ್ತಿದ್ರೆ ಬರುತ್ತೆ, ಕರೆಂಟ್ ಹೋದ್ರೆ ಹೋಗುತ್ತೆ. ಅದೂ ಒಂದು ಕಾಡೇನೇ?"

"ಹೋದ್ರೆ ಹೋಗ್ಲಿ ಬಿಡ್ರೀ, ಗುಡಿಸೋ ಕೆಲಸ ಉಳಿಯುತ್ತೆ," ಅನ್ನುತ್ತಿದ್ದಳು ಅಮ್ಮ.

ಪ್ರತಿ ನಾಟಕದ ಮೊದಲ ದಿನಕ್ಕೂ ಮೋಡದಕ್ಕ ಮುಂದಿನ ಸಾಲಿನಲ್ಲಿ ಎರಡು ಜಾಗ ಹಿಡಿದಿಡುತ್ತಿದ್ದಳು. ಒಂದರಲ್ಲಿ ಅಮ್ಮ ಕೂರುತ್ತಿದ್ದಳು, ಇನ್ನೊಂದರಲ್ಲಿ ಅಮ್ಮನ ಕೈಚೀಲ. ಅಪ್ಪನಿಗೆ ಅವತ್ತೇ ಮಂಡಿ ನೋವು, ಅವತ್ತೇ ಯಾರೋ ಬರುವವರಿದ್ದರು, ಅವತ್ತೇ ನಿದ್ದೆ. ಆ ಕೈಚೀಲ ನೋಡಿದಷ್ಟು ನಾಟಕಗಳನ್ನು ಯಾವ ವಿಮರ್ಶಕನೂ ನೋಡಿರಲಿಕ್ಕಿಲ್ಲ.

ಅಪ್ಪ ಬರೆದ ಪರದೆಗಳಲ್ಲಿ ಉಳಿದದ್ದು ಒಂದೇ, ಕಾಡಿನದು. ಕಂಪನಿ ಮುಚ್ಚುವಾಗ ಮಾಲೀಕರು ಸಭೆ ಸೇರಿಸಿ, ಭಾಷಣ ಮಾಡಿ, ಚಪ್ಪಾಳೆ ತಟ್ಟಿಸಿ ಅದನ್ನು ನೆನಪಿನ ಕಾಣಿಕೆಯಾಗಿ ಅವರಿಗೇ ಕೊಟ್ಟಿದ್ದರು. ಆಗ ಅವರಿದ್ದದ್ದು ಒಂದೇ ಕೋಣೆಯ ಮನೆ. ಅಡುಗೆಗೂ ಮಲಗುವುದಕ್ಕೂ ನಡುವೆ ಗೋಡೆ ಇರಲಿಲ್ಲವಾದ್ದರಿಂದ ಕಾಡೇ ಗೋಡೆಯಾಯಿತು. ಅಮ್ಮ ಮರಗಳ ನಡುವಿನಿಂದ ಕಾಫಿ ತರುತ್ತಿದ್ದಳು. ಆ ಕಾಡಿನ ಎಡಗಡೆಯ ಕೆಳಮೂಲೆಯಲ್ಲಿ ಒಂದು ಜಿಂಕೆಯಿತ್ತು. ಪುಟ್ಟ ಹುಡುಗಿಯಾಗಿದ್ದ ಮೋಡದಕ್ಕ ಹೊದಿಕೆಯೊಳಗೆ ಟಾರ್ಚ್ ಇಟ್ಟುಕೊಂಡು ಮಲಗಿ, ಎಲ್ಲರೂ ನಿದ್ದೆಹೋದ ಮೇಲೆ ಬೆಳಕನ್ನು ಮೆಲ್ಲಗೆ ಆ ಜಿಂಕೆಯ ಮೇಲೆ ಹರಿಸುತ್ತಿದ್ದಳು. ಬೆಳಕು ಸರಿದಂತೆ ಜಿಂಕೆಯ ಕಾಲುಗಳು ಸರಿಯುತ್ತಿದ್ದವು. ಸತ್ಯವಾಗಿ ಓಡುತ್ತಿತ್ತು! ಬೇರೆ ಮರಗಿಡಗಳ ಮೇಲೆ ಟಾರ್ಚ್ ಬಿಟ್ಟರೆ ಅವು ಗರಬಡಿದಂತೆ ನಿಂತೇ ಇರುತ್ತಿದ್ದವು. ಜಿಂಕೆ ಮಾತ್ರ ಓಡುತ್ತಿತ್ತು. ಬೆಳಕಿನಿಂದ ಚಿತ್ರ ಕದಲುತ್ತದೆ ಎಂಬ ವಿದ್ಯೆ ಅವಳಿಗೆ ಹತ್ತಿದ್ದು ಹಾಗೆ. ಟಾರ್ಚಿನ ಸೆಲ್ಲು ಯಾಕೆ ಬೇಗ ಖಾಲಿಯಾಗುತ್ತದೆ ಎಂಬುದು ಮಾತ್ರ ಆ ಮನೆಯಲ್ಲಿ ಕೊನೆಯವರೆಗೂ ಬಗೆಹರಿಯಲಿಲ್ಲ.

ಮುಂದೆ ಗೋಡೆಗಳಿರುವ ಮನೆ ಬಂತು. ಕಾಡು ಸುರುಳಿ ಸುತ್ತಿಕೊಂಡು ಅಟ್ಟ ಸೇರಿತು.

ಈಗ ಕಥೆಗೆ ಬರೋಣ. ಹೋದ ವರ್ಷ ಒಬ್ಬ ನಿರ್ದೇಶಕರು ಮೋಡದಕ್ಕನನ್ನು ಕರೆದರು. ಅವರಿಗೆ ರಂಗದಲ್ಲಿ ಮೌನಿ ಎಂದು ಹೆಸರು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ. ನಾಟಕದಲ್ಲಿ ಒಬ್ಬ ನ್ಯಾಯಾಧೀಶ ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಮರಗಳೇ ಸೇರಿ ಅವನ ವಿಚಾರಣೆ ನಡೆಸುತ್ತವೆ. "ನನಗೆ ಕಾಡು ಬೇಕು. ಆದ್ರೆ ಫೋಟೋದ ಕಾಡು ಬೇಡ. ಯಾರೋ ಕಂಡ ಕಾಡು ಬೇಡ, ಯಾರೋ ಕನಸಿದ ಕಾಡು ಬೇಕು," ಎಂದು ಶುರುಮಾಡಿದ ಮೌನಿ ಮುಗಿಸುವ ಹೊತ್ತಿಗೆ ಮೋಡದಕ್ಕನ ತಲೆಯಲ್ಲಿ ಅಟ್ಟದ ಮೇಲಿನ ಸುರುಳಿ ಬಿಚ್ಚಿಕೊಂಡಿತ್ತು. ಅಪ್ಪನ ಪರದೆ ತೂಗುಹಾಕಬೇಕು. ಅದರ ಮೇಲೆ ತನ್ನ ಬೆಳಕು ಬಿಡಬೇಕು. ಬರೆದ ಎಲೆ ಅಲುಗಬೇಕು, ಬರೆದ ಬಳ್ಳಿ ತೂಗಬೇಕು. ಆಗಲಾದರೂ ಅಪ್ಪ ನಾಟಕಕ್ಕೆ ಬಾರದೆ ಎಲ್ಲಿಗೆ ಹೋದಾರು?

ಮನೆಯಲ್ಲಿ ವಿಷಯ ತೆಗೆದಾಗ ಅಪ್ಪ ಪತ್ರಿಕೆಯನ್ನು ಮುಖದಿಂದ ಇಳಿಸಲಿಲ್ಲ.

"ನನ್ನ ಪರದೆ ಮೇಲೆ ನಿನ್ನ ಬೆಳಕಾ?"

"ಹೂಂ ಅಪ್ಪಾ. ನಿನ್ನದೇ ಕಾಡು. ನಾನು ಬರೀ ಗಾಳಿ ಬೀಸ್ತೀನಿ."

ಪತ್ರಿಕೆ ಸ್ವಲ್ಪ ಇಳಿಯಿತು. ಕನ್ನಡಕ ಕಂಡಿತು.

"ಜಿಂಕೆ ಮೇಲೂ ಬೆಳಕು ಬೀಳುತ್ತಾ?"

"ಬೇಕಾದ್ರೆ..."

"ಬೇಡ. ಅದರ ಮೇಲೆ ಮಾತ್ರ ಬೆಳಕು ಬಿಡಬೇಡ."

ಮೋಡದಕ್ಕನ ಕಣ್ಣು ತುಂಬಿ ಬಂತು. ತನಗೆ ಪ್ರಾಣವಾದ ಜಿಂಕೆ ಅಪ್ಪನಿಗೂ ಅಷ್ಟೇ ಪ್ರಾಣ ಎಂದು ಅವತ್ತು ಅವಳಿಗೆ ತಿಳಿಯಿತು. "ಒಂದು ಕಿರಣನೂ ತಾಗಿಸಲ್ಲ ಅಪ್ಪಾ, ಆಣೆ," ಅಂದಳು. "ಆದ್ರೆ ನೀನು ಬರ್ಬೇಕು."

"ಬರ್ತೀನಿ ನೋಡು," ಅಂದರು ಅಪ್ಪ. ಒಳಗಿದ್ದ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಹಾಗಾದ್ರೆ ನನ್ನ ಚೀಲ ಎಲ್ಲಿ ಇಡ್ಲಿ?" ಎಂದು ಕೇಳಿದಳು.

ಕಾಡು ರಂಗಮಂದಿರಕ್ಕೆ ಬಂತು, ತೂಗುಹಾಕಿದ್ದೂ ಆಯಿತು. ಯಾವ ಎಲೆ ಎಲ್ಲಿದೆ ಎಂದು ತಿಳಿಯದೆ ಎಲೆ ಅಲುಗಿಸಲು ಆಗುವುದಿಲ್ಲ. ಆದ್ದರಿಂದ ಮೋಡದಕ್ಕ ಮೊದಲು ಪರದೆಯ ಮೇಲೆ ಬೆಳಕಿನ ಚೌಕಳಿ ಬಿಟ್ಟು ಎಲ್ಲ ಅಳತೆ ಕೂಡಿಸಿಕೊಂಡಳು. ಆಮೇಲೆ ಚೌಕಳಿ ಆರಿಸಿ, ಅದೇ ಲೆಕ್ಕದಲ್ಲಿ ಒಂದೊಂದು ಚೌಕದ ಫೋಟೋ ತೆಗೆದಳು. ಜಿಂಕೆಯ ಚೌಕಕ್ಕೆ ಬಂದಾಗ ಅದರ ಮುಂದೆ ಏಣಿಯಿತ್ತು, ಏಣಿಯ ಮೇಲೆ ರಂಗದ ಬಡಗಿಯಿದ್ದ. ಸದಾ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡೇ ಮಾತಾಡುವ ಇವನಿಗೆ ಮೊಳೆಯಣ್ಣ ಎಂದು ಹೆಸರು. ಅವನು ಇವಳನ್ನು ಅಕ್ಕಾ ಅನ್ನುತ್ತಾನೆ, ಇವಳು ಅವನನ್ನು ಅಣ್ಣಾ ಅನ್ನುತ್ತಾಳೆ, ಯಾರು ದೊಡ್ಡವರೆಂದು ಇಬ್ಬರೂ ಇವತ್ತಿನವರೆಗೂ ವಿಚಾರಿಸಿಲ್ಲ.

"ಇಳೀಲಾ ಅಕ್ಕಾ?" ಅಂದ ಮೊಳೆಯಣ್ಣ, ಕೈಯಲ್ಲಿ ಟೀ ಲೋಟ, ಬಾಯಲ್ಲಿ ಮೊಳೆ.

"ಬೇಡ ಅಣ್ಣಾ, ಆ ಚೌಕ ನಂಗೆ ಬೇಕಿಲ್ಲ. ಅಲ್ಲಿ ಬೆಳಕು ಬಿಡಲ್ಲ. ಕೂತ್ಕೊಂಡೇ ಇರು."

ಫೋಟೋದಲ್ಲಿ ಏಣಿಯೂ ಬಂತು, ಮೊಳೆಯಣ್ಣನೂ ಬಂದ. ಅವಳು ಮುಂದಿನ ಚೌಕಕ್ಕೆ ಹೋದಳು. ಎಲ್ಲ ಮುಗಿದ ಮೇಲೆ, ಪರದೆ ಎಳೆದಾಡಿದರೂ ಅಳತೆ ತಪ್ಪದಿರಲಿ ಎಂದು ನಾಲ್ಕು ಮೂಲೆಗಳಿಗೂ ನೀಲಿ ಟೇಪು ಅಂಟಿಸಿ ಮನೆಗೆ ಹೋದಳು.

ಆ ನೀಲಿ ಟೇಪಿಗೂ ಒಂದು ಚರಿತ್ರೆಯಿದೆ. ಮೋಡದಕ್ಕ ಈ ರಂಗಮಂದಿರಕ್ಕೆ ಬಂದ ಹೊಸದರಲ್ಲಿ ಅವಳ ಸಮುದ್ರ, ಬಡಗಿಗಳು ಬಣ್ಣ ಬಳಿಯದೆ ಬಿಟ್ಟ ಕಂದು ಹಲಗೆಯ ಮೇಲೆ ಹರಿದಿತ್ತು. ನೋಡಿದವರಿಗೆ ಚರಂಡಿ ಉಕ್ಕಿದಂತೆ ಕಂಡಿತ್ತು. ಅಂದು ಅವಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೈ ಬೀಸಿ, ಕಾನೂನು ಹೊರಡಿಸಿದ್ದಳು: ತಾನು ನೀಲಿ ಟೇಪು ಅಂಟಿಸಿದ್ದೆಲ್ಲ ಪ್ರೊಜೆಕ್ಷನ್ ಬೀಳುವ ಜಾಗ. ಅದಕ್ಕೆ ಹೊಳಪಿಲ್ಲದ ಬೂದುಬಿಳಿ ಬಣ್ಣ ಬಳಿಯಬೇಕು. ಕೇಳಬಾರದು, ಹೇಳಬಾರದು, ಟೇಪು ಕಂಡರೆ ಬಳಿಯಬೇಕು. ಈ ಕಾನೂನು ಎಷ್ಟು ಚೆನ್ನಾಗಿ ನಡೆಯುತ್ತಿತ್ತೆಂದರೆ, ಒಮ್ಮೆ ಅವಳು ಸುಮ್ಮನೆ ಟೇಪು ಅಂಟಿಸಿಟ್ಟಿದ್ದ ಊಟದ ಡಬ್ಬಿಯೂ ಸಂಜೆಗೆ ಬೂದುಬಿಳಿಯಾಗಿತ್ತು. ಆವತ್ತು ಅವಳು ಬೈಯದೆ ಬೆನ್ನು ತಟ್ಟಿದ್ದಳು.

ಎಲೆ ಅಲುಗಿಸುವ ಕೆಲಸವನ್ನೆಲ್ಲ ಮನೆಯಲ್ಲೇ ಕೂತು ಮುಗಿಸಿ, ಪ್ರದರ್ಶನದ ದಿನ ಬೆಳಿಗ್ಗೆ ಮೋಡದಕ್ಕ ರಂಗಮಂದಿರದ ಬಾಗಿಲು ತಳ್ಳಿ ಒಳಗೆ ಬಂದಾಗ ಮೊಳೆಯಣ್ಣ ಮದುವೆ ಮನೆಯ ಯಜಮಾನನಂತೆ ಎದುರು ಬಂದ. ಅವತ್ತು ಬಾಯಲ್ಲಿ ಮೊಳೆಯಿರಲಿಲ್ಲ. ಬಾಯ್ತುಂಬ ನಗುವಿತ್ತು.

"ಅಕ್ಕಾ, ಎರಡು ಕೋಟ್ ಹೊಡ್ಸಿದೀನಿ!"

"ಯಾವುದಕ್ಕಣ್ಣಾ?"

"ನೀವು ಟೇಪ್ ಹಾಕಿದ್ರಲ್ಲ, ಆ ದೊಡ್ಡ ಬಟ್ಟೆಗೆ. ಹಳೇ ಬಣ್ಣ ಮೇಲೆ ಬರ್ತಾನೇ ಇತ್ತು. ನಾನು ಬಿಡ್ತೀನಾ?"

ಮೋಡದಕ್ಕ ತಲೆ ಎತ್ತಿದಳು. ಕಾಡು ಇರಲಿಲ್ಲ. ಮರ, ಬಳ್ಳಿ, ಎಲೆ, ಜಿಂಕೆ ಯಾವುದೂ ಇರಲಿಲ್ಲ. ಅಪ್ಪ ಬದುಕಿನಲ್ಲಿ ಉಳಿಸಿಕೊಂಡಿದ್ದ ಒಂದೇ ಒಂದು ಪರದೆ, ಈ ಕಡೆಯಿಂದ ಆ ಕಡೆಗೆ, ಒಂದು ಸುಕ್ಕಿಲ್ಲದಂತೆ, ಒಂದು ಕಲೆಯಿಲ್ಲದಂತೆ, ಆಸ್ಪತ್ರೆಯ ಹಾಸಿಗೆಯ ಹಾಗೆ ಬೂದುಬಿಳಿಯಾಗಿ ತೂಗುತ್ತಿತ್ತು. ನಾಲ್ಕು ಮೂಲೆಗಳಲ್ಲಿ ನೀಲಿ ಟೇಪು ಮಾತ್ರ ನಿಷ್ಠೆಯಿಂದ ಕಾವಲು ನಿಂತಿತ್ತು.

ಯಾರನ್ನು ಬೈಯುವುದು? ಕಾನೂನು ಅವಳದ್ದೇ, ಟೇಪು ಅವಳದ್ದೇ, ಅಂಟಿಸಿದ ಕೈ ಅವಳದ್ದೇ. ಬೈಯಲು ಬಾಯಿ ತೆರೆದವಳು ಅಲ್ಲೇ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಳು. ಇಷ್ಟು ವರ್ಷ ಬಾರದಿದ್ದ ಮನುಷ್ಯ ಇವತ್ತು ಸಂಜೆ ಬರುತ್ತಿದ್ದಾರೆ. ಬಂದು ನೋಡಬೇಕಾದ್ದು ಇದನ್ನು. ಬೆಳಕಿನವಳು ಬಣ್ಣದವನನ್ನು ಅಳಿಸಿಹಾಕಿದಳು ಎಂದು ಅಪ್ಪ ಇಷ್ಟು ದಿನ ಬಾಯಲ್ಲಿ ಹೇಳುತ್ತಿದ್ದರು. ಈಗ ಅದಕ್ಕೆ ಸಾಕ್ಷಿ ಕಣ್ಣೆದುರೇ ತೂಗುಬಿದ್ದಿತ್ತು. ಇನ್ನು ಈ ಜನ್ಮದಲ್ಲಿ ಅಪ್ಪ ಅವಳ ನಾಟಕಕ್ಕೆ ಕಾಲಿಡುವ ಮಾತಿರಲಿ, ಅವಳ ಜೊತೆ ಕೂತು ಕಾಫಿ ಕುಡಿದರೂ ಹೆಚ್ಚು.

ಅಷ್ಟರಲ್ಲಿ ಮೌನಿ ಬಂದರು. ಬಿಳಿ ಪರದೆ ನೋಡಿ ಎರಡು ಕೈಯನ್ನೂ ಮೇಲೆತ್ತಿದರು. "ಶೂನ್ಯ! ಇದೇ, ಇದೇ ನನಗೆ ಬೇಕಾಗಿದ್ದು! ಕಾಡೇ ಇಲ್ಲದ ಕಾಡು! ನ್ಯಾಯಾಧೀಶ ದಾರಿ ತಪ್ಪೋದು ಎಲ್ಲಿ? ತನ್ನೊಳಗೆ!"

"ಸಾರ್," ಅಂದಳು ಮೋಡದಕ್ಕ ಎದ್ದು ನಿಂತು, "ಅವನು ಎಲ್ಲಿ ಬೇಕಾದ್ರೂ ತಪ್ಪಿಸ್ಕೊಳ್ಲಿ. ಸಂಜೆ ಒಳಗೆ ನಂಗೆ ನಮ್ಮಪ್ಪನ ಕಾಡು ವಾಪಸ್ ಬೇಕು. ನೀವು ದಯವಿಟ್ಟು ಹೊರಗೆ ಹೋಗಿ ಮಾತಾಡಿ."

ಮೌನಿ ಹೊರಗೆ ಹೋಗಿ ಕಾವಲುಗಾರನ ಜೊತೆ ಶೂನ್ಯದ ವಿಚಾರ ಮುಂದುವರಿಸಿದರು.

ಫೋಟೋಗಳಿದ್ದವಲ್ಲ! ಆ ಯೋಚನೆ ಹೊಳೆದದ್ದೇ ಮೋಡದಕ್ಕನಿಗೆ ಹೋದ ಉಸಿರು ಬಂತು. ಎಲೆ ಅಲುಗಿಸಲೆಂದು ತೆಗೆದಿದ್ದ ಚೌಕಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಬಣ್ಣ ತಿದ್ದಿ, ಅಪ್ಪನ ಬಟ್ಟೆಯ ಮೇಲೆ ಅಪ್ಪನ ಕಾಡನ್ನೇ ಬೆಳಕಾಗಿ ಬಿಟ್ಟರೆ? ಬಟ್ಟೆ ಅದೇ, ಅಳತೆ ಅದೇ. ಮರ ಇದ್ದಲ್ಲೇ ಮರ ಬೀಳುತ್ತದೆ. ದೂರದಿಂದ ನೋಡಿದವರಿಗೆ, ಅದೂ ಮಂಡಿ ನೋವಿನ, ಹಳೆಯ ಕನ್ನಡಕದ ಮನುಷ್ಯರಿಗೆ, ತಿಳಿದರೆ ತಾನೆ!

ಊಟ ತಿಂಡಿ ಬಿಟ್ಟು ಕೂತಳು. ಚೌಕಕ್ಕೆ ಚೌಕ ಹೊಲಿದಳು. ಅಪ್ಪ ದಾರ ಹೊಡೆದು ತುಂಬಿಸಿದ್ದ ಕಾಡನ್ನು ಮಗಳು ಕಂಪ್ಯೂಟರಿನ ಇಲಿಯ ಬಾಲ ಹಿಡಿದುಕೊಂಡು ಮತ್ತೆ ಕಟ್ಟಿದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಬೂದುಬಿಳಿಯ ಮೇಲೆ ಮರಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಮೊಳೆಯಣ್ಣ ಬಾಯಿಗೆ ಮೊಳೆ ಹಾಕಿಕೊಳ್ಳುವುದನ್ನೇ ಮರೆತು ನೋಡಿದ. ಎಡಗಡೆಯ ಕೆಳಮೂಲೆಯೂ ಬಂತು. ಅಲ್ಲಿ ಜಿಂಕೆಯ ಜಾಗದಲ್ಲಿ, ಏಣಿಯ ಮೇಲೆ, ಟೀ ಕುಡಿಯುತ್ತ, ಕಾಡಿನ ಒಡೆಯನಂತೆ ಮೊಳೆಯಣ್ಣನೇ ಕೂತಿದ್ದ.

ಇಡೀ ಕಾಡಿನಲ್ಲಿ ಅಪ್ಪ ಹೆಸರೆತ್ತಿ ಕೇಳಿದ್ದು ಒಂದನ್ನೇ. ಅದೊಂದೇ ಇಲ್ಲ. ಅವಳು ಓಡಿಸಿ ಆಡಿಸಿದ ಜಿಂಕೆ, ಟಾರ್ಚಿನ ಸೆಲ್ಲು ತಿಂದ ಜಿಂಕೆ, ಈಗ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ.

"ನನ್ನನ್ನೇ ಬಿಟ್ಬಿಡಿ ಅಕ್ಕಾ," ಅಂದ ಮೊಳೆಯಣ್ಣ. "ಕಾಡಲ್ಲಿ ಒಬ್ಬ ಬಡಗಿ ಇರಲ್ವಾ? ಮರ ಕಡಿಯೋಕೆ ಬಂದೋನು ಅನ್ಕೋತಾರೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದು ಕೆಮ್ಮಾಯಿತು. ಕೊನೆಗೆ ಪಕ್ಕದ ಚೌಕದಿಂದ ಒಂದು ಪೊದೆಯನ್ನು ಕತ್ತರಿಸಿ ತಂದು ಮೊಳೆಯಣ್ಣನ ಮೇಲೆ ಹೊದಿಸಿದಳು.

ಸಂಜೆ ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಸ ಚಪ್ಪಲಿ, ಮುಖದಲ್ಲಿ ಪರೀಕ್ಷಾಧಿಕಾರಿಯ ಕಳೆ. ಕೈಚೀಲ ಅವತ್ತು ಅಮ್ಮನ ತೊಡೆಯೇರಿತು. ಮೋಡದಕ್ಕ ಸಭೆಯ ಹಿಂದಿನ ತನ್ನ ಮೇಜಿನ ಬಳಿ ಕೂತು, ರಂಗವನ್ನು ನೋಡುವುದು ಬಿಟ್ಟು ಅಪ್ಪನ ಬೋಳುತಲೆಯ ಹಿಂಭಾಗವನ್ನೇ ನೋಡುತ್ತಿದ್ದಳು. ಒಂದು ತಲೆಯ ಹಿಂಭಾಗವನ್ನು ಇಷ್ಟು ಭಯಭಕ್ತಿಯಿಂದ ಯಾವ ಮಗಳೂ ನೋಡಿರಲಾರಳು.

ಕಾಡು ಬಂತು. ಎಲೆಗಳು ಅಲುಗಿದವು, ಬಳ್ಳಿ ತೂಗಿತು, ಸಭೆಯಲ್ಲಿ ಒಂದು ಮೆಲ್ಲನೆಯ ಉದ್ಗಾರ ಸಾಲಿನಿಂದ ಸಾಲಿಗೆ ಹರಿಯಿತು. ನ್ಯಾಯಾಧೀಶ ದಾರಿ ತಪ್ಪಿ ಒಳಗೆ ಬಂದ. ಬೋಳುತಲೆ ಅಲುಗಲಿಲ್ಲ. ಆಮೇಲೆ ಎಡಕ್ಕೆ ವಾಲಿತು. ಇನ್ನೂ ಎಡಕ್ಕೆ ವಾಲಿತು. ಆಮೇಲೆ ಅಪ್ಪ ಎದ್ದೇ ನಿಂತರು.

"ಜಿಂಕೆ ಎಲ್ಲಿ?" ಅಂದರು. ತಾವು ಪಿಸುಗುಟ್ಟಿದೆವೆಂದೇ ಅವರ ನಂಬಿಕೆ, ಕೊನೆಯ ಸಾಲಿನವರಿಗೂ ಕೇಳಿತು. ನ್ಯಾಯಾಧೀಶ ಬೆಚ್ಚಿ ಸುತ್ತ ನೋಡಿದ. ನಟ ಜಾಣ, ಅದನ್ನೇ ಅಭಿನಯ ಮಾಡಿಕೊಂಡ.

"ಕೂತ್ಕೊಳ್ರೀ, ಅದೆಲ್ಲೋ ನೀರು ಕುಡಿಯೋಕೆ ಹೋಗಿರುತ್ತೆ," ಎಂದು ಅಮ್ಮ ಅಂಗಿ ಹಿಡಿದು ಜಗ್ಗಿದಳು.

ಮಧ್ಯಂತರದಲ್ಲಿ ದೀಪ ಹತ್ತಿದ್ದೇ ಅಪ್ಪ ಸೀದಾ ಹಿಂದಕ್ಕೆ ನಡೆದು ಬಂದರು. ಮಂಡಿ ನೋವಿನ ಸುಳಿವೇ ಇರಲಿಲ್ಲ. ಮೋಡದಕ್ಕ ಹೊರಗೆ ಹೋಗುವ ಬಾಗಿಲು ಎಷ್ಟು ದೂರವಿದೆ ಎಂದು ಒಮ್ಮೆ ನೋಡಿಕೊಂಡಳು.

"ಪರದೆ ಎಲ್ಲಿ?"

"ಅಲ್ಲೇ ಇದೆಯಲ್ಲ ಅಪ್ಪಾ."

"ಅದು ಪರದೆ ಅಲ್ಲ. ಆ ಜಡ್ಜ್ ಈ ಕಡೆ ಬಂದಾಗ ನನ್ನ ಎಲೆ ಅವನ ಮೂಗಿನ ಮೇಲೆ ಬಿತ್ತು. ನಾನು ಯಾರ ಮೂಗಿಗೂ ಬಣ್ಣ ಹಚ್ಚಿಲ್ಲ. ನಿಜ ಹೇಳು."

ಹೇಳಿದಳು. ನೀಲಿ ಟೇಪು, ತನ್ನದೇ ಕಾನೂನು, ಎರಡು ಕೋಟು, ಎಲ್ಲ.

"ಪೂರ್ತಿ ಬಳಿದ್ರಾ?"

"ಪೂರ್ತಿ."

"ಜಿಂಕೆನೂ?"

"ಜಿಂಕೆನೂ ಅಪ್ಪಾ."

"ಮಿಕ್ಕಿದ್ದೆಲ್ಲ ಫೋಟೋದಿಂದ ಬಂತಲ್ಲ, ಅದು ಯಾಕೆ ಬರ್ಲಿಲ್ಲ?"

"ಅದರ ಫೋಟೋ ಒಂದು ಇಲ್ಲ. ನೀನು ಬೆಳಕು ಬಿಡ್ಬೇಡ ಅಂದಿದ್ದೆ, ಅದಕ್ಕೆ..."

"ಅಂದ್ರೆ ಆ ಜಿಂಕೆ ಈಗ ಎಲ್ಲೂ ಇಲ್ಲ?"

"ಎಲ್ಲೂ ಇಲ್ಲ." ಮೋಡದಕ್ಕ ಕಣ್ಣು ಮುಚ್ಚಿಕೊಂಡಳು.

"ಸದ್ಯ!" ಅಂದರು ಅಪ್ಪ.

ಅವಳು ಕಣ್ಣು ತೆರೆದಳು. ಅಪ್ಪ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಬಹಳ ದಿನ ಹೊತ್ತ ಗಂಟು ಇಳಿಸಿದವರಂತೆ ಎರಡು ಕಾಲನ್ನೂ ಚಾಚಿ, "ಸದ್ಯ, ಹೋಯ್ತಲ್ಲ ಮಾರಾಯ್ತಿ! ನನ್ನ ಕಣ್ಣೆದುರಿಗೆ ಹೋಗುತ್ತೆ ಅಂತ ಅಂದ್ಕೊಂಡೇ ಇರಲಿಲ್ಲ," ಅಂದರು.

"ಅಪ್ಪಾ! ನಿಂಗೆ ಅದು ಪ್ರಾಣ ಅಂತ..."

"ಪ್ರಾಣ ತಿಂತು ಅನ್ನು. ನಾನು ಅದುವರೆಗೂ ಜಿಂಕೆ ನೋಡಿದ್ದೇ ಇಲ್ಲ ಕಣೇ. ಕಾಡು ಮುಗಿದ ಮೇಲೆ ಮಾಲೀಕರು ಬಂದು, ಒಂದು ಪ್ರಾಣಿ ಹಾಕಿ ಮೇಷ್ಟ್ರೇ ಅಂದ್ರು. ಮುಂಭಾಗ ಹೇಗೋ ನಿಭಾಯಿಸಿದೆ. ಹಿಂದಿನ ಕಾಲು ಯಾವ ಕಡೆಗೆ ಮಡಚುತ್ತೆ ಅಂತ ಗೊತ್ತಾಗ್ಲಿಲ್ಲ. ಒಂದು ಕಾಲು ಈ ಕಡೆ ಮಡಚಿದೆ, ಇನ್ನೊಂದು ಆ ಕಡೆ. ಒಂದಾದ್ರೂ ಸರಿ ಇರ್ಲಿ ಅಂತ."

"ಆಮೇಲೆ?"

"ಆಮೇಲೇನು, ದಿನಾ ಪರದೆ ಏಳೋದೇ ತಡ, ಹಿಂದಿನ ಬೆಂಚಿನವರು 'ಆ ಸ್ಟೂಲಿಗೆ ಕೊಂಬು ಯಾರು ಇಟ್ಟಿದ್ದು' ಅಂತ ಕೂಗೋರು. ತಿದ್ತೀನಿ ಅಂದ್ರೆ ಮಾಲೀಕರು ಬಿಡಬೇಕಲ್ಲ, ಅದು ಬಂದ ಮೇಲೇ ಕಂಪನಿಗೆ ಕಳೆ ಬಂತು ಅಂತ ಅವರ ಹಟ. ಕೊನೆಗೆ ಅಷ್ಟು ಜನರ ಮುಂದೆ ಅದನ್ನೇ ನಂಗೆ ಕಾಣಿಕೆ ಕೊಟ್ರು. ಕಾಣಿಕೆ ಕೊಟ್ಟಿದ್ದನ್ನ ಅಳಿಸೋಕಾಗುತ್ತಾ? ಮನೆಗೆ ಬಂದೋರೆಲ್ಲ, ತೋರ್ಸಿ ಮೇಷ್ಟ್ರೇ, ತೋರ್ಸಿ ಅನ್ನೋರು. ಬಿಚ್ಚಿದಾಗೆಲ್ಲ ಅದು ನನ್ನ ಮುಖವನ್ನೇ ನೋಡ್ಕೊಂಡು ನಿಂತಿರ್ತಿತ್ತು. ಇವತ್ತು ನಾನು ಬಂದದ್ದೂ ಅದಕ್ಕೇ. ಇಷ್ಟು ಜನರ ಮುಂದೆ ಅದಕ್ಕೇನು ಗತಿ ಬರುತ್ತೋ ಅಂತ ನಿದ್ದೆ ಇರಲಿಲ್ಲ."

ಮೋಡದಕ್ಕ ನಗಬೇಕೋ ಕೂಗಾಡಬೇಕೋ ತಿಳಿಯದೆ ಹೇಳಿದಳು, "ಅಪ್ಪಾ, ಟಾರ್ಚ್ ಬಿಟ್ಟಾಗ ಓಡ್ತಿದ್ದುದು ಅದೊಂದೇ. ಕಾಲು ಎರಡು ಕಡೆಗೂ ಇದ್ದಿದ್ದಕ್ಕೇ ಓಡಿದ ಹಾಗೆ ಕಾಣ್ತಿತ್ತೋ ಏನೋ. ಆ ಕಾಲು ನೋಡೀನೇ ನಾನು ಈ ಕಸುಬಿಗೆ ಬಂದಿದ್ದು!"

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು.

"ಹಾಗಾದ್ರೆ ಅದು ಮಾಡಿದ್ದು ಎರಡು ತಪ್ಪು," ಅಂದರು.

ಅಷ್ಟರಲ್ಲಿ ಕೈಚೀಲದ ಸಮೇತ ಬಂದ ಅಮ್ಮ, "ಟಾರ್ಚ್ ಸೆಲ್ಲು ಎಲ್ಲಿ ಹೋಗ್ತಿತ್ತು ಅಂತ ಈಗ ಗೊತ್ತಾಯ್ತು," ಅಂದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡು, ಎರಡನೇ ಭಾಗ ನಗೆನಾಟಕವಾಗಿ ಬದಲಾಗಿದೆಯೇನೋ ಎಂದು ಮೌನಿ ಗಾಬರಿಯಾಗಿ ಓಡಿಬಂದರು. ಮೊಳೆಯಣ್ಣ ಕಂಬದ ಹಿಂದಿನಿಂದ ಇಣುಕಿ, ತನ್ನ ತಲೆ ಉಳಿಯಿತೆಂದು ಖಾತ್ರಿಯಾದ ಮೇಲೆ, ಜೇಬಿನಿಂದ ಒಂದು ಮೊಳೆ ತೆಗೆದು ನೆಮ್ಮದಿಯಾಗಿ ಬಾಯಿಗಿಟ್ಟುಕೊಂಡ.

ಅಪ್ಪ ಎರಡನೇ ಭಾಗವನ್ನು ಮಗಳ ಪಕ್ಕದಲ್ಲೇ ಕೂತು ನೋಡಿದರು. ನೋಡಿದರು ಅನ್ನುವುದಕ್ಕಿಂತ ನಡೆಸಿದರು ಅನ್ನಬೇಕು. "ಆ ಕೊಂಬೆ ಅಷ್ಟು ಜೋರಾಗಿ ತೂಗಬಾರದು, ಅದು ಹಲಸು, ಹುಲ್ಲಲ್ಲ." "ಆ ನೆರಳು ಇನ್ನೊಂದು ಚೂರು ಕಪ್ಪು ಮಾಡು." ಅವಳು ಮಾಡಿದಳು. ಅಪ್ಪ "ಹೂಂ" ಅಂದರು. ಅವರ ಬಾಯಿಂದ ಅವಳ ಕಸುಬಿಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಮನೆಗೆ ತಂದು ಗೋಡೆಗೆ ತೂಗುಹಾಕುವ ಹಾಗಿರಲಿಲ್ಲ, ಅಷ್ಟೇ.

ನಾಟಕದ ಪ್ರದರ್ಶನಗಳೆಲ್ಲ ಮುಗಿದ ಮೇಲೆ ಬೂದುಬಿಳಿಯ ಬಟ್ಟೆ ಸುರುಳಿಯಾಗಿ ಮನೆಗೆ ಬಂತು. ಈ ಸಲ ಅಟ್ಟಕ್ಕೆ ಹೋಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಅದನ್ನು ದೊಡ್ಡ ಕೋಣೆಯ ಗೋಡೆಗೆ ತೂಗಿಸಿ, ಹಳೆಯ ಕುಂಚಗಳನ್ನು ನೀರಿನಲ್ಲಿ ನೆನೆಹಾಕಿ, ಮಗಳನ್ನು ಕೂಗಿದರು.

"ನಿನ್ನ ಯಂತ್ರ ತಗೊಂಡು ಬಾರೇ. ಬಗ್ಗಿ ದಾರ ಹೊಡಿಯೋಕೆ ಸೊಂಟ ಕೇಳಲ್ಲ. ಆ ಬೆಳಕಿನ ಚೌಕಳಿ ಬಿಡ್ತೀಯಲ್ಲ, ಅದನ್ನ ಬಿಡು."

ಮೋಡದಕ್ಕ ಪ್ರೊಜೆಕ್ಟರನ್ನು ಊಟದ ಮೇಜಿನ ಮೇಲಿಟ್ಟು, ಕಿಟಕಿಯ ಪರದೆ ಎಳೆದು, ಗೋಡೆಯಗಲ ಚೌಕಳಿ ಬಿಟ್ಟಳು. ಗೆರೆಗಳು ನೇರವಾಗಿ, ತೆಳ್ಳಗೆ, ಒಂದೂ ತಪ್ಪದೆ ನಿಂತವು. ಅಪ್ಪ ಹತ್ತಿರ ಹೋಗಿ ಬೆರಳಿನಿಂದ ಒಂದು ಗೆರೆಯನ್ನು ಸವರಿ ನೋಡಿದರು. ಗೆರೆ ಅವರ ಬೆರಳಿನ ಮೇಲೆ ಹತ್ತಿತು. ಕೈ ತೆಗೆದರೆ ಮತ್ತೆ ಬಟ್ಟೆಗೆ ಹೋಯಿತು. "ಬಣ್ಣದ ಪುಡಿ ಉಳೀತು," ಅಂದರು. ಕೈಯಲ್ಲಿ ಅಂಗೈಯಗಲದ ಹೊಸ ಚಿತ್ರವಿತ್ತು, ಅದಕ್ಕೂ ಪೆನ್ಸಿಲಿನ ಚೌಕಳಿಯಿತ್ತು. ಮತ್ತೆ ಕಾಡೇ.

ಮೇಲಿನ ಮೂಲೆಯಿಂದ ಶುರುಮಾಡಿದರು. ಮಧ್ಯಾಹ್ನದ ಊಟಕ್ಕೂ ಮುಂಚೆ ಎರಡು ಮರ ಎದ್ದು ನಿಂತಿದ್ದವು. ಮೋಡದಕ್ಕ ಬಣ್ಣದ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಎಡಗಡೆಯ ಕೆಳಮೂಲೆಯ ಖಾಲಿ ಚೌಕದ ಕಡೆಗೆ ಅವಳ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು.

"ಅಪ್ಪಾ, ಅಲ್ಲಿ ಒಂದು ಜಿಂಕೆ?"

ಅಪ್ಪ ಕುಂಚವನ್ನು ಗಾಳಿಯಲ್ಲೇ ನಿಲ್ಲಿಸಿದರು. ಮಗಳ ಮುಖ ನೋಡಿದರು, ಚೌಕ ನೋಡಿದರು, ಆಮೇಲೆ ಕುಂಚವನ್ನು ಹಸಿರಿನಲ್ಲಿ ಅದ್ದಿದರು.

"ಬೇಡ. ನೀನು ಹಾಕಿದ್ದೆಯಲ್ಲ, ಆ ಪೊದೆಯೇ ಇರ್ಲಿ," ಅಂದರು. "ಪೊದೆಗೆ ಕಾಲಿರಲ್ಲ."